ಕೂಡ್ಲಿಗಿಯಿಂದ ಹರಪನಹಳ್ಳಿಗೆ – ಮಾತಿನ ಜಾಡಿನಲ್ಲಿ

ಹಂಪೆಯನ್ನು ನೋಡಲು ಬರುವ ಯಾತ್ರಿಕರು ಹೊಸಪೇಟೆಯಲ್ಲಿ ಇಳಿದು, ವಿಠ್ಠಲಾಲಯದ ಕಲ್ಲಿನ ರಥವನ್ನೂ ಹಜಾರರಾಮನ ಗುಡಿಯನ್ನೂ ಕಂಡು, ತುಂಗಭದ್ರೆಯ ಅಣೆಕಟ್ಟಿನ ಬಳಿ ಒಂದು ಸಂಜೆಯನ್ನು ಕಳೆದು ಊರಿಗೆ ಮರಳುವುದು ವಾಡಿಕೆ. ಅಲ್ಲಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ ಹಬ್ಬಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಹೆಸರನ್ನು ಅವರು ಬಸ್ಸುಗಳ ಹಣೆಯ ಮೇಲೆ ಓದಿರುತ್ತಾರೆ, ಅಷ್ಟೆ. “ಆ ಕಡೆ ನೋಡುವಂಥದು ಏನಿದೆಯಪ್ಪ?” ಎಂದು ಮೈಸೂರಿನ ನನ್ನ ಸ್ನೇಹಿತರೊಬ್ಬರು ಕೇಳಿದರು. ನೋಡುವಂಥದು ಬೇಕಾದಷ್ಟಿದೆ; ಕೇಳುವಂಥದು ಇನ್ನೂ ಹೆಚ್ಚಾಗಿದೆ ಎಂದು ನಾನು ಉತ್ತರ ಕೊಟ್ಟೆ. ಅವರು ಸಂಗೀತದ ಮಾತೆಂದು ತಿಳಿದರು. ನಾನು ಹೇಳಿದ್ದು ಮಾತಿನ ಮಾತು.

ಈ ಸೀಮೆ ಸರಕಾರದ ಗೆರೆಗಳ ನಡುವೆ ಬಹಳ ಅಲೆದಾಡಿದೆ. ಮೊದಲು ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನು 1953ರ ಅಕ್ಟೋಬರ್ 1ರಂದು ಒಡೆದಾಗ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಉಳಿದ ತಾಲ್ಲೂಕುಗಳೊಡನೆ ಮೈಸೂರು ರಾಜ್ಯವನ್ನು ಸೇರಿದುವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಎರಡು ದಶಕಗಳ ಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳೊಡನೆ ಹೊಸದಾದ ವಿಜಯನಗರ ಜಿಲ್ಲೆಯೊಳಗೆ ಬಂದು ಕುಳಿತಿತು. ಕಾಗದದ ಮೇಲಿನ ಗೆರೆಗಳು ಹೀಗೆ ಹರಿದಾಡುತ್ತಿರುವಾಗ, ನಾಲಗೆಯ ಮೇಲಿನ ಗೆರೆಗಳು ಮಾತ್ರ ಯಾರ ಅಪ್ಪಣೆಗೂ ಕಾಯದೆ ಬೇರೆಯೇ ದಾರಿಯಲ್ಲಿ ಸಾಗಿವೆ. ಅವುಗಳನ್ನು ಹುಡುಕಿಕೊಂಡು ಹೋದ ಪ್ರವಾಸದ ಕಥೆ ಇದು.

ಪ್ರವಾಸಕ್ಕೆ ಕಾರಣವನ್ನು ಮೊದಲೇ ಅರಿಕೆ ಮಾಡಿಬಿಡುತ್ತೇನೆ. ನಾನು ಈ ಭಾಗದ ಪದವಿ ಕಾಲೇಜೊಂದರಲ್ಲಿ ಕನ್ನಡದ ಅಧ್ಯಾಪಕ. ಇಲ್ಲಿ ನಾನು ಕಂಡ ಯಾವ ಕಾಲೇಜಿನಲ್ಲಿಯೂ ಭಾಷಾವಿಜ್ಞಾನವು ಬಿ.ಎ.ಗೆ ಪ್ರತ್ಯೇಕ ಪ್ರಧಾನ ವಿಷಯವಾಗಿಲ್ಲ. ಇತಿಹಾಸಕ್ಕೆ, ಅರ್ಥಶಾಸ್ತ್ರಕ್ಕೆ, ಸಮಾಜಶಾಸ್ತ್ರಕ್ಕೆ ಇರುವ ಮರ್ಯಾದೆಯ ಆಸನ ಅದಕ್ಕಿಲ್ಲ. ಐಚ್ಛಿಕ ಕನ್ನಡದ ಮನೆಯಲ್ಲಿ ಒಂದು ಮೂಲೆಯ ಕೋಣೆಯನ್ನು ಬಾಡಿಗೆಗೆ ಹಿಡಿದಂತೆ ಒಂದೆರಡು ಪತ್ರಿಕೆಗಳಲ್ಲಿ ಅದು ವಾಸವಾಗಿದೆ. ವಿದ್ಯಾರ್ಥಿಗಳು ಅದನ್ನು ಗೈಡಿನ ನಲವತ್ತು ಪುಟಗಳಾಗಿ ಬಲ್ಲರು. ಧ್ವನಿಮಾ ಎಂದರೇನು? ಆಕೃತಿಮಾ ಎಂದರೇನು? ಉಪಭಾಷೆಗಳ ಉಗಮಕ್ಕೆ ಕಾರಣಗಳಾವುವು? ಹತ್ತು ಅಂಕಗಳು. ಪರೀಕ್ಷೆಯ ಮರುದಿನ ಎಲ್ಲವೂ ಮರೆತುಹೋಗುತ್ತದೆ. ಮರೆಯಬೇಕಾದದ್ದೇ, ಏಕೆಂದರೆ ಆ ಪುಟಗಳಲ್ಲಿ ಅವರು ತಮ್ಮ ಬಾಯಿಂದ ಆಡಿದ ಒಂದು ಶಬ್ದವೂ ಇಲ್ಲ.

ಅದಕ್ಕಾಗಿ ಒಂದು ಸೆಮಿಸ್ಟರಿನಲ್ಲಿ ಗೈಡನ್ನು ಬದಿಗಿಟ್ಟು, ಪ್ರತಿಯೊಬ್ಬರೂ ಮನೆಯಲ್ಲಿ ಆಡುವ ಐವತ್ತು ಮಾತುಗಳನ್ನು ಆಡಿದ ಹಾಗೆಯೇ ಬರೆದು ತರಬೇಕೆಂದು ಹೇಳಿದೆ. ‘ಆಡಿದ ಹಾಗೆಯೇ’ ಎಂಬುದನ್ನು ಮೂರು ಸಲ ಹೇಳಬೇಕಾಯಿತು. ಮೊದಲ ಸಲ ಬಂದ ಪುಸ್ತಕಗಳಲ್ಲಿ ಎಲ್ಲರ ಮನೆಯಲ್ಲಿಯೂ ‘ನಾನು ಶಾಲೆಗೆ ಹೋಗುತ್ತೇನೆ’ ಎಂದೇ ಮಾತನಾಡುತ್ತಿದ್ದರು! “ಇದು ನಿಮ್ಮ ಅವ್ವ ಆಡುವ ಮಾತೇ?” ಎಂದರೆ, ಕೂಡ್ಲಿಗಿ ಕಡೆಯ ಹುಡುಗನೊಬ್ಬ ತಲೆ ತಗ್ಗಿಸಿ, “ನಮ್ದು ಹಳ್ಳಿ ಭಾಷೆ ಸಾರ್, ತಪ್ಪು ಕನ್ನಡ. ಅದನ್ನ ಹೆಂಗ ಬರೀಬೇಕು?” ಎಂದ. ಇಪ್ಪತ್ತು ವರ್ಷ ಆಡಿದ ಮಾತನ್ನು ತಪ್ಪು ಎಂದು ನಂಬಿಕೊಂಡು ಅದೇ ಭಾಷೆಯ ಪದವಿಗೆ ಓದುತ್ತಿರುವವನ ಸ್ಥಿತಿಯನ್ನು ವಾಚಕರು ಯೋಚಿಸಬೇಕು. ಆ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು, ರಜೆಯಲ್ಲಿ ಐದೂ ಊರುಗಳನ್ನು ಸುತ್ತಿ, ಬರೆದದ್ದನ್ನು ಕಿವಿಯಿಂದ ಕೇಳಿ ತಾಳೆ ನೋಡಲು ನಾನು ಹೊರಟೆ.

ಕೂಡ್ಲಿಗಿ ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಕೆಂಪು ಮಣ್ಣು, ಬಂಡೆಗುಡ್ಡ, ಶೇಂಗಾದ ಹೊಲ. ಗುಡೇಕೋಟೆಯ ಕಡೆ ಹೋದರೆ ಕರಡಿಗಳ ಕಾಡು. ಇಲ್ಲಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಂದು ಗಂಟೆ ಕುಳಿತರೆ ಕನ್ನಡದ ಒಂದು ದೊಡ್ಡ ಗಡಿ ಕಣ್ಣೆದುರು ಹಾದುಹೋಗುತ್ತದೆ. ಚಿತ್ರದುರ್ಗದ ಕಡೆಯಿಂದ ಬಂದವರು ‘ಮನೆ ಐತೆ’ ಎನ್ನುತ್ತಾರೆ. ಹಡಗಲಿ, ಹರಪನಹಳ್ಳಿಗಳ ಕಡೆಯವರು ‘ಮನಿ ಐತಿ’ ಎನ್ನುತ್ತಾರೆ. ಪದದ ಕೊನೆಯ ಎಕಾರ ಒಂದು ಕಡೆ ನಿಂತಿದೆ, ಮತ್ತೊಂದು ಕಡೆ ಇಕಾರವಾಗಿದೆ: ಕೆರೆ–ಕೆರಿ, ಎಲೆ–ಎಲಿ, ಮಳೆ–ಮಳಿ. ತೆಂಕಣ ಕನ್ನಡವೂ ಬಡಗಣ ಕನ್ನಡವೂ ಒಂದನ್ನೊಂದು ಮುಟ್ಟುವ ಜಾಗ ಇದು. ಒಂದೇ ಮನೆಯಲ್ಲಿ ಅತ್ತೆ ‘ಮನೆ’ಯವಳಾಗಿ ಸೊಸೆ ‘ಮನಿ’ಯವಳಾಗಿರುವುದನ್ನೂ ನಾನು ಕಂಡೆ. ಜಗಳಕ್ಕೆ ಬೇರೆ ಕಾರಣಗಳು ಸಾಕಷ್ಟಿದ್ದುದರಿಂದ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

‘ತಪ್ಪು ಕನ್ನಡ’ ಎಂದ ಹುಡುಗನಿಗೆ ನಾನು ಒಂದು ಪುಸ್ತಕದ ಹೆಸರು ಹೇಳಿದೆ. ಉಳಿಯಾರು ಪದ್ಮನಾಭ ಉಪಾಧ್ಯಾಯರು ಕನ್ನಡದ ನಾಲ್ಕು ಉಪಭಾಷೆಗಳನ್ನು ಎದುರುಬದುರಾಗಿ ಇಟ್ಟು ಮಾಡಿದ ತುಲನಾತ್ಮಕ ಅಧ್ಯಯನವನ್ನು ಮೈಸೂರು ವಿಶ್ವವಿದ್ಯಾನಿಲಯ 1976ರಲ್ಲಿ ಪ್ರಕಟಿಸಿತು. ಆ ನಾಲ್ಕು ಯಾವುವು? ನಂಜನಗೂಡು, ಕುಮಟಾ, ಗುಲ್ಬರ್ಗ ಮತ್ತು ಬಳ್ಳಾರಿ. ಮುಂದೆ ಉಡುಪಿಯಲ್ಲಿ ತುಳು ನಿಘಂಟಿನ ಆರು ಸಂಪುಟಗಳನ್ನು ಸಂಪಾದಿಸಿದ ಅದೇ ವಿದ್ವಾಂಸರು ಇವರು. ಬಳ್ಳಾರಿಯ ಜನ ಪೇಟೆಯಲ್ಲಿ ಆಡುವ ಮಾತಿಗೆ ಸ್ವರಗಳ ಪಟ್ಟಿಯಿದೆ, ಕ್ರಿಯಾಪದಗಳ ರೂಪಾವಳಿಯಿದೆ, ನಿಯಮವಿದೆ ಎಂಬ ಸಂಗತಿ ಅಚ್ಚಾಗಿ ಅರ್ಧ ಶತಮಾನವೇ ಕಳೆದಿದೆ. ಅಮೆರಿಕದ ವಿಲಿಯಂ ಬ್ರೈಟ್ ಅದಕ್ಕೂ ಮೊದಲೇ, 1958ರಲ್ಲಿ, ಆಡುಗನ್ನಡದ ರೂಪರೇಖೆಯೊಂದನ್ನು ಬರೆದಿದ್ದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ನಡೆದ ಬೇಸಿಗೆಯ ಭಾಷಾವಿಜ್ಞಾನ ಶಾಲೆಗಳ ಕಾಲ ಅದು. ಹಳಗನ್ನಡ ವ್ಯಾಕರಣವನ್ನು ಅರೆದು ಕುಡಿದ ಪಂಡಿತರ ಮಕ್ಕಳು ಹೆಗಲ ಚೀಲದಲ್ಲಿ ನೋಟ್‌ಬುಕ್ಕು ಹಾಕಿಕೊಂಡು ಹಳ್ಳಿಗಳಿಗೆ ಹೋಗಿ, ಓದುಬರಹ ತಿಳಿಯದ ಮುದುಕಿಯರ ಮುಂದೆ ಶಿಷ್ಯರಾಗಿ ಕುಳಿತ ಕಾಲ. ಕನ್ನಡದ ವಿದ್ಯೆಯ ಚರಿತ್ರೆಯಲ್ಲಿ ಇಷ್ಟು ವಿನಯದ ಇನ್ನೊಂದು ಗಳಿಗೆ ಬಂದಿರಲಿಲ್ಲವೆಂದು ನನ್ನ ಅಭಿಮತ.

ಕೂಡ್ಲಿಗಿಯ ಹುಡುಗರಲ್ಲಿ ಹಲವರ ಮನೆಮಾತು ತೆಲುಗು. ಅಂಥ ಒಬ್ಬನ ಪುಸ್ತಕದಲ್ಲಿ ಎರಡು ಸಾಲು ಮಾಡಿ ಬರೆದಿದ್ದ: ಮನೆಯಲ್ಲಿ ಪಾಲು, ಶಾಲೆಯಲ್ಲಿ ಹಾಲು, ಮನೆಯಲ್ಲಿ ಪುಲಿ, ಶಾಲೆಯಲ್ಲಿ ಹುಲಿ, ಪಾಮು–ಹಾವು, ಪಂಡು–ಹಣ್ಣು, ಪುವ್ವು–ಹೂವು. ಕೆಳಗೆ ಒಂದು ಪ್ರಶ್ನೆ: ‘ಯಾಕೆ ಯಾವಾಗಲೂ ಪ ಹೋಗಿ ಹ ಬರುತ್ತದೆ?’ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಳಗನ್ನಡದಲ್ಲಿಯೂ ಪದದ ಮೊದಲಿನ ಈ ಧ್ವನಿ ಪಕಾರವೇ ಆಗಿತ್ತು. ಹತ್ತನೆಯ ಶತಮಾನದ ಸುಮಾರಿಗೆ ಹಕಾರ ತಲೆದೋರಿ ಮುಂದಿನ ಕೆಲವು ಶತಮಾನಗಳಲ್ಲಿ ಭಾಷೆಯನ್ನೆಲ್ಲ ಆವರಿಸಿತು. ನೆರೆಯ ತೆಲುಗು, ತಮಿಳುಗಳು ಹಳೆಯ ಪಕಾರವನ್ನೇ ಉಳಿಸಿಕೊಂಡುವು. ಸಾವಿರ ವರ್ಷದ ಈ ಪಲ್ಲಟವನ್ನು ಆ ಹುಡುಗ ದಿನಕ್ಕೆರಡು ಸಲ, ಮನೆಯ ಹೊಸ್ತಿಲು ದಾಟುವಾಗ, ಬಾಯೊಳಗೆ ನಡೆಸುತ್ತಿದ್ದಾನೆ. ಇಂಥವನಿಗೆ ಪ್ರಯೋಗಶಾಲೆ ಬೇರೆ ಬೇಕೇ? ಇದನ್ನು ಮನಸ್ಸಿನಲ್ಲಿಟ್ಟುಕೊಂಡಿರಿ; ಹಡಗಲಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ಕೊಟ್ಟೂರಿನಲ್ಲಿ ನಾನು ಹೆಚ್ಚು ಕಾಲ ನಿಲ್ಲಲಿಲ್ಲ. ಗುರು ಕೊಟ್ಟೂರೇಶ್ವರನ ದರ್ಶನ ಮಾಡಿಕೊಂಡು, ಮಿರ್ಚಿ ಮಂಡಕ್ಕಿ ತಿಂದೆ. ಆ ಮಂಡಕ್ಕಿಯದೇ ಒಂದು ಕಥೆ. ಮೈಸೂರಿನ ‘ಪುರಿ’, ಧಾರವಾಡದ ‘ಚುರಮುರಿ’, ದಾವಣಗೆರೆಯ ‘ಮಂಡಕ್ಕಿ’, ಬಳ್ಳಾರಿ ರಾಯಚೂರುಗಳ ‘ಮಂಡಾಳು’ – ಎಲ್ಲವೂ ಒಂದೇ ಹುರಿದ ಅಕ್ಕಿ. ರಥೋತ್ಸವಕ್ಕೆ ದಾವಣಗೆರೆಯ ಕಡೆಯಿಂದ ಜನ ಪಾದಯಾತ್ರೆಯಲ್ಲಿ ಬರುತ್ತಾರೆ; ಜಾತ್ರೆಯ ಅಂಗಡಿಯವನು ಈ ಹೆಸರುಗಳಲ್ಲಿ ಯಾವುದನ್ನು ಕೇಳಿದರೂ ತಿರುಗಿ ಕೇಳದೆ ಪೊಟ್ಟಣ ಕಟ್ಟುತ್ತಾನೆ. ಅವನಷ್ಟು ಉಪಭಾಷೆಗಳನ್ನು ಬಲ್ಲ ಎಂ.ಎ.ಗಳು ಕಡಮೆ. ಊರಿನ ಹೆಸರಿಗೆ ಅರ್ಥವೇನೆಂದು ಅವನನ್ನು ಕೇಳಿದೆ. “ವೀರಭದ್ರದೇವ್ರು ಬಿಟ್ಟು ಕೊಟ್ಟ ಊರು ರೀ, ಅದಕ್ಕ ಕೊಟ್ಟೂರು” ಎಂದ. ಊರುಗಳ ಹೆಸರಿಗೆ ಜನ ಕಟ್ಟುವ ಇಂಥ ಕಥೆಗಳನ್ನು ಶಾಸ್ತ್ರ ‘ಜಾನಪದ ನಿಷ್ಪತ್ತಿ’ ಎಂದು ಕರೆದು ದೂರವಿಡುತ್ತದೆ. ನನಗೆ ಅಷ್ಟು ನಿಷ್ಠುರತೆ ಸಾಧ್ಯವಿಲ್ಲ. ತಾನಾಡುವ ಪದವನ್ನು ಒಡೆದು ಒಳಗೆ ಏನಿದೆ ಎಂದು ನೋಡುವ ಕುತೂಹಲವೇ ತಾನೆ ಈ ವಿದ್ಯೆಯ ಮೊದಲ ಮೆಟ್ಟಿಲು?

ಹೊಸಪೇಟೆಯಿಂದ ಕೊಟ್ಟೂರಿಗೆ ಬ್ರಿಟಿಷರ ಕಾಲದಲ್ಲಿಯೇ ರೈಲಿನ ಹಳಿ ಬಿದ್ದಿತ್ತು. ಈಗ ಅದು ಹರಪನಹಳ್ಳಿಯ ಮೇಲೆ ಹರಿಹರದವರೆಗೆ ಮುಂದುವರಿದಿದೆ. ಆ ದಾರಿಯಲ್ಲೇ ಹಗರಿಬೊಮ್ಮನಹಳ್ಳಿ. ಹಗರಿ ಎಂಬುದು ವೇದಾವತಿಗೆ ಈ ಸೀಮೆಯವರು ಇಟ್ಟ ಹೆಸರು. ಸಂಸ್ಕೃತದ ಅಭಿಮಾನಿಗಳು ಅದನ್ನು ‘ಅಘಹರಿ’, ಪಾಪವನ್ನು ಕಳೆಯುವವಳು, ಎಂದು ಬಿಡಿಸುತ್ತಾರೆ. ಅಂಗಡಿಯವನ ಕೊಟ್ಟೂರಿಗೂ ಪಂಡಿತರ ಅಘಹರಿಗೂ ಪದ್ಧತಿಯಲ್ಲಿ ವ್ಯತ್ಯಾಸವೇನೂ ಇಲ್ಲ! ಈ ತಾಲ್ಲೂಕಿನ ಕೋಗಳಿ ಹಿಂದೆ ‘ಕೋಗಳಿ ಐನೂರು’ ಎಂಬ ನಾಡಿನ ಮುಖ್ಯ ಊರಾಗಿತ್ತು. ಜೈನ ಬಸದಿಯೂ ಶಾಸನಗಳೂ ಅಲ್ಲಿವೆ. ಅಂಕಸಮುದ್ರದ ಕೆರೆಗೆ ಹಕ್ಕಿಗಳು ಬರುತ್ತವೆ. 2024ರಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿದ ಮೇಲೆ ದೂರದ ಜನರೂ ದುರ್ಬೀನು ಹಿಡಿದು ಬರತೊಡಗಿದ್ದಾರೆ. ಹಕ್ಕಿಗಳ ಕೂಗನ್ನು ಬರೆದುಕೊಳ್ಳಲು ಅಷ್ಟು ದೂರದಿಂದ ಬರುವವರಲ್ಲಿ ಯಾರಾದರೂ ದಾರಿಯ ತಾಂಡಾದಲ್ಲಿ ಇಳಿದು ಮನುಷ್ಯರ ಮಾತನ್ನು ಬರೆದುಕೊಂಡಾರೇ ಎಂದು ನನಗೆ ಅನ್ನಿಸಿದ್ದುಂಟು.

ತಾಂಡಾದ ಪ್ರಸ್ತಾಪ ಬಂತು. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳು ಈ ತಾಲ್ಲೂಕಿನ ಲಂಬಾಣಿ ತಾಂಡಾದವಳು. ಧ್ವನಿಮಾದ ಪಾಠ ಮಾಡುವ ದಿನ, ಒಂದೇ ಒಂದು ಧ್ವನಿಯ ವ್ಯತ್ಯಾಸದಿಂದ ಅರ್ಥ ಬದಲಾಗುವ ಜೋಡಿಗಳನ್ನು ಕೊಡಿರೆಂದು ಕೇಳಿದ್ದೆ. ಎಲ್ಲರೂ ಗೈಡಿನಲ್ಲಿರುವ ‘ಕಾಳಿ–ಗಾಳಿ’ಯನ್ನೇ ಒಪ್ಪಿಸಿದರು. ಆಕೆ ಎದ್ದು ನಿಂತು ಮೆಲ್ಲಗೆ, “ಗೋರ್–ಕೋರ್, ಸಾರ್” ಎಂದಳು. ಹಾಗೆಂದರೇನೆಂದು ಕೇಳಿದೆ. “ಗೋರ್ ಅಂದ್ರ ನಾವು, ಲಂಬಾಣಿಗರು. ಕೋರ್ ಅಂದ್ರ… ನೀವೆಲ್ಲಾರೂ.” ತರಗತಿ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಗೊಳ್ಳೆಂದು ನಕ್ಕಿತು. ನಗು ಅಪಹಾಸ್ಯದ್ದಾಗಿರಲಿಲ್ಲ. ಒಂದು ಗಕಾರಕ್ಕೂ ಒಂದು ಕಕಾರಕ್ಕೂ ನಡುವೆ ಒಂದು ಜನಾಂಗದ ಇಡೀ ಜಗತ್ತು ಎರಡಾಗಿ ಒಡೆದುಕೊಂಡಿರುವುದು ಎಲ್ಲರಿಗೂ ಒಟ್ಟಿಗೆ ಹೊಳೆದಿತ್ತು. ನಾನು ಹತ್ತು ವರ್ಷ ಮಾಡಿದ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿರಲಿಲ್ಲ.

ಅಂದಿನಿಂದ ಆಕೆಯ ಪುಸ್ತಕ ಐವತ್ತು ಮಾತುಗಳಿಗೆ ನಿಲ್ಲಲಿಲ್ಲ. ಅವ್ವನಿಗೆ ‘ಯಾಡಿ’, ನೀರಿಗೆ ‘ಪಾಣಿ’ ಎಂದು ಮೊದಲಾಗಿ, ತಾಂಡಾದ ಹೆಂಗಸರು ಹಾಡುವಾಗ ಮಾತ್ರ ಬರುವ, ಮಾತಿನಲ್ಲಿ ಬಾರದ ಪದಗಳನ್ನೂ ಬೇರೆಯಾಗಿ ಗುರುತು ಮಾಡಿದ್ದಳು. ಕನ್ನಡ ಲಿಪಿಯಲ್ಲಿ ಹಿಡಿಯದ ಸ್ವರಗಳಿಗೆ ತಾನೇ ಚುಕ್ಕೆಗಳನ್ನಿಟ್ಟು ಗುರುತು ಕಲ್ಪಿಸಿದ್ದಳು. ರೊನಾಲ್ಡ್ ಟ್ರೇಲ್ ಎಂಬ ಭಾಷಾವಿಜ್ಞಾನಿ 1970ರಲ್ಲೇ ಲಮಾಣಿ ಭಾಷೆಯ ವ್ಯಾಕರಣವೊಂದನ್ನು ಪ್ರಕಟಿಸಿದ್ದಾರೆಂದು ಹೇಳಿದಾಗ ಆಕೆ ನಂಬಲೇ ಇಲ್ಲ. “ನಮ್ಮ ಮಾತಿಗೆ ವ್ಯಾಕರಣ ಐತೇನ್ ಸಾರ್?” 2011ರ ಜನಗಣತಿಯಲ್ಲಿ ಲಮಾಣಿಯನ್ನು ತಾಯ್ನುಡಿಯೆಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಆದರೆ ಜನಗಣತಿಯ ಕೋಷ್ಟಕದಲ್ಲಿ ಆ ಸಂಖ್ಯೆಯನ್ನು ನೋಡಬೇಕಾದರೆ ಹಿಂದಿಯ ತಲೆಬರಹದ ಕೆಳಗೆ ಹುಡುಕಬೇಕು; ರಾಜಸ್ಥಾನದ ಕಡೆಯ ನುಡಿಗಳೊಡನೆ ನಂಟುಳ್ಳ ಈ ಭಾಷೆ ಅಲ್ಲಿ ಹಿಂದಿಯ ಒಂದು ಶಾಖೆಯಾಗಿ ಲೆಕ್ಕಕ್ಕೆ ಸಿಕ್ಕಿದೆ. ಇದನ್ನು ಹೇಳಿದಾಗ ಆ ಹುಡುಗಿ ಏನೂ ಮಾತನಾಡಲಿಲ್ಲ. ಮರುದಿನ ಬಂದು, “ಇದನ್ನೇ ಮುಂದ ಓದಬೇಕಂದ್ರ ಎಲ್ಲಿ ಹೋಗ್ಬೇಕು ಸಾರ್?” ಎಂದು ಕೇಳಿದಳು.

ನಾನು ಹಗರಿಬೊಮ್ಮನಹಳ್ಳಿಗೆ ಹೋದಾಗ ಆಕೆಯ ತಂದೆ ಕಬ್ಬು ಕಡಿಯುವ ಕೆಲಸಕ್ಕೆ ಹೋಗಿದ್ದರು; ಮುಂದಿನ ವಾರ ಬರುತ್ತಾರೆಂದು ತಿಳಿಯಿತು. ಹಿಂದಿರುಗುವಾಗ ಬರುತ್ತೇನೆಂದು ಹೇಳಿ ಹಡಗಲಿಯ ಬಸ್ಸು ಹತ್ತಿದೆ.

ಹೂವಿನಹಡಗಲಿಯ ಮಲ್ಲಿಗೆಯ ಪರಿಮಳವನ್ನು ಕುರಿತು ಬರೆಯುವುದು ಕವಿಗಳ ಕೆಲಸ. ನಾನು ಹೆಸರನ್ನು ಕುರಿತು ಬರೆಯುತ್ತೇನೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂವನ್ನು ತುಂಬಿ ಹಂಪೆಯ ವಿರೂಪಾಕ್ಷನಿಗೆ ಕಳುಹಿಸುತ್ತಿದ್ದರು, ಅದರಿಂದ ‘ಹೂವಿನ ಹಡಗಲಿ’ – ಇದು ಊರಿನ ಮಕ್ಕಳಿಗೂ ಗೊತ್ತು. ಸೊಗಸಾದ ಚಿತ್ರ. ಆದರೆ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಈ ಊರು ‘ಪೂವಿನ ಪಡಂಗಿಲೆ’ಯಾಗಿದೆ. ಅಂದರೆ ವಿಜಯನಗರ ಹುಟ್ಟುವುದಕ್ಕೆ ಮೊದಲೇ ಊರಿಗೂ ಹೂವಿಗೂ ನಂಟಿತ್ತು. ಕೂಡ್ಲಿಗಿಯ ಹುಡುಗನ ಪಕಾರ–ಹಕಾರಗಳ ಪಟ್ಟಿಗೆ ಇಲ್ಲಿ ಕಲ್ಲಿನ ಸಾಕ್ಷಿ ಸಿಕ್ಕಿತು: ಪೂ ಹೂವಾಯಿತು, ಪಡಂಗಿಲೆ ಹಡಗಲಿಯಾಯಿತು; ಹರಪನಹಳ್ಳಿ, ಬೊಮ್ಮನಹಳ್ಳಿಗಳ ‘ಹಳ್ಳಿ’ಯೂ ಹಿಂದೆ ‘ಪಳ್ಳಿ’.

ಇದನ್ನು ನಾನು ಹಡಗಲಿಯ ವಿದ್ಯಾರ್ಥಿಗಳಿಬ್ಬರಿಗೆ, ಚಹದ ಅಂಗಡಿಯಲ್ಲಿ, ಬಹು ಉತ್ಸಾಹದಿಂದ ವಿವರಿಸಿದೆ. ಅವರಲ್ಲೊಬ್ಬ ಸ್ವಲ್ಪ ಯೋಚಿಸಿ, “ಹಂಗಾದ್ರ ಹಡಗಿಗೂ ಆವಾಗ ಪಡಗು ಅಂತಿದ್ರಲ್ಲ ಸಾರ್? ಪಡಂಗಿಲೆಯೊಳಗ ಪಡಗು ಇರಬಹುದಲ್ಲ?” ಎಂದ. ಹೌದು, ಹಳಗನ್ನಡದಲ್ಲಿ ಅದು ‘ಪಡಗು’ವೇ. ವಿಜಯನಗರದ ಕಥೆ ಬಿತ್ತು, ಆದರೆ ಹಡಗು ಮುಳುಗಲಿಲ್ಲ! ಆಗ ನಡುವೆ ಅನುಸ್ವಾರ ಏಕೆ ಬಂತು, ಕೊನೆಯ ‘ಇಲೆ’ಗೆ ಅರ್ಥವೇನು, ಹತ್ತಿರದ ಬೇರೆ ಊರುಗಳ ಹೆಸರಿನಲ್ಲಿ ಅದು ಇದೆಯೇ ಎಂದು ಮೂವರೂ ಕೂಡಿ ಲೆಕ್ಕ ಹಾಕತೊಡಗಿದೆವು. ಚಹ ತಣ್ಣಗಾಯಿತು. ಒಂದು ಊಹೆಯನ್ನು ಎಲ್ಲಿ ಬಿಡಬೇಕು, ಎಲ್ಲಿ ಉಳಿಸಿಕೊಳ್ಳಬೇಕು, ಯಾವ ಸಾಕ್ಷಿ ಬಂದರೆ ತೀರ್ಮಾನಿಸಬಹುದು ಎಂಬುದನ್ನು ಆ ಹುಡುಗರು ಅರ್ಧ ಗಂಟೆಯಲ್ಲಿ ಕಲಿತರು. ಗೈಡಿನಲ್ಲಿ ಅದಕ್ಕೆ ಪುಟವಿಲ್ಲ.

ಹಡಗಲಿಗೆ ಹೋದವರು ಮೈಲಾರವನ್ನು ಬಿಟ್ಟು ಬರಬಾರದು. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಉಪವಾಸವಿದ್ದು, ಎತ್ತರದ ಬಿಲ್ಲನ್ನೇರಿ, “ಸದ್ದಲೇ!” ಎಂದು ಕೂಗುತ್ತಾನೆ. ಲಕ್ಷಗಟ್ಟಲೆ ಜನ ಉಸಿರು ಹಿಡಿದು ಸುಮ್ಮನಾಗುತ್ತಾರೆ. ಆತ ಒಂದೇ ಒಂದು ವಾಕ್ಯ ನುಡಿದು ‘ಪರಾಕ್’ ಎನ್ನುತ್ತ ಮೇಲಿನಿಂದ ಬೀಳುತ್ತಾನೆ. ಅದೇ ಕಾರ್ಣಿಕ. ಆ ವಾಕ್ಯವನ್ನು ರೈತರು ಮಳೆಯ ಮಾತೆಂದೂ ವ್ಯಾಪಾರಿಗಳು ಧಾರಣೆಯ ಮಾತೆಂದೂ ರಾಜಕಾರಣಿಗಳು ತಮ್ಮ ಕುರ್ಚಿಯ ಮಾತೆಂದೂ ವರ್ಷಪೂರ್ತಿ ಬಿಡಿಸುತ್ತಾರೆ. ಅರ್ಥವೆಂಬುದು ಆಡಿದ ಪದಗಳಲ್ಲಿ ಎಷ್ಟಿದೆ, ಕೇಳುವವನ ನಿರೀಕ್ಷೆಯಲ್ಲಿ ಎಷ್ಟಿದೆ ಎಂಬುದನ್ನು ತೋರಿಸಲು ಭಾಷಾವಿಜ್ಞಾನಿಗಳು ಎಷ್ಟೋ ಪುಸ್ತಕಗಳನ್ನು ಬರೆದಿದ್ದಾರೆ. ಮೈಲಾರದ ಮೈದಾನದಲ್ಲಿ ನಿಂತವರಿಗೆ ಒಂದು ವಾಕ್ಯ ಸಾಕು.

ಹರಪನಹಳ್ಳಿಯನ್ನು ನಾನು ತಲಪಿದ್ದು ಸಂಜೆಗೆ. ಮರುದಿನ ಹತ್ತಿರದ ಬಾಗಳಿಗೆ ಹೋದೆ. ಕಲ್ಲೇಶ್ವರನ ಗುಡಿಯ ಕಂಬಗಳ ನುಣುಪನ್ನು ಕಂಡವರು ಹೊಗಳಿದ್ದಾರೆ. ನನ್ನ ಕಣ್ಣು ಶಾಸನಗಳ ಮೇಲೆಯೇ ಇತ್ತು. ಇವುಗಳಲ್ಲಿ ಊರಿನ ಹೆಸರು ಬಾಳ್ಗುಳಿ. ಈ ಸೀಮೆ ಮದರಾಸು ಪ್ರಾಂತದಲ್ಲಿದ್ದುದರಿಂದ ಇಲ್ಲಿಯ ಕನ್ನಡ ಶಾಸನಗಳು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಸೇರಿದುವು. ಅದರ ಮೊದಲ ಭಾಗ 1939ರಲ್ಲಿ ಹೊರಬಂದಿತು. ಸಂಪಾದಕರು ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಲೋಕಕ್ಕೆ ತಂದ ಆರ್. ಶಾಮಾಶಾಸ್ತ್ರಿಗಳು ಮತ್ತು ಎನ್. ಲಕ್ಷ್ಮೀನಾರಾಯಣರಾಯರು. ಏಳೇ ವರ್ಷದಲ್ಲಿ, 1946ರಲ್ಲಿ, ಜಿ. ಎಸ್. ಗಾಯಿಯವರು ಎಂಟು, ಒಂಬತ್ತು, ಹತ್ತನೆಯ ಶತಮಾನದ ಶಾಸನಗಳ ಆಧಾರದ ಮೇಲೆ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದರು. ಕವಿಗಳು ತಿದ್ದಿ ತೀಡಿ ಬರೆದ ಭಾಷೆಗಿಂತ, ಗದ್ದೆ ತೋಟಗಳ ದಾನವನ್ನು ಕೆತ್ತಿಸಿದವನ ಭಾಷೆಯಲ್ಲಿ ಕಾಲದ ಗುರುತು ಹೆಚ್ಚು ಸ್ಪಷ್ಟವಾಗಿರುತ್ತದೆ. ಕಲ್ಲುಕುಟಿಗನೂ ಒಂದು ವಿಧದಲ್ಲಿ ‘ಆಡಿದ ಹಾಗೆ’ ಬರೆದವನೇ.

ಹರಪನಹಳ್ಳಿ ಎಂದೊಡನೆ ನಮ್ಮ ವಾಚಕರಿಗೆ ನೆನಪಾಗಬೇಕಾದವರು ಬೀchi ಎಂದೇ ಪ್ರಸಿದ್ಧರಾದ ಬೀಚಿಯವರು. ರಾಯಸಂ ಭೀಮಸೇನರಾಯರು ಹುಟ್ಟಿದ್ದು ಈ ಊರಿನಲ್ಲಿ, 1913ರಲ್ಲಿ. ತೆಲುಗಿನ ಕಡೆಗೇ ಒಲವಿದ್ದ ಅವರನ್ನು ಅ.ನ.ಕೃ. ಅವರ ‘ಸಂಧ್ಯಾರಾಗ’ ಕನ್ನಡಕ್ಕೆ ಎಳೆದು ತಂದಿತೆಂದು ಹೇಳುತ್ತಾರೆ. ಎರಡು ಭಾಷೆಗಳ ಸಂಧಿಯಲ್ಲಿ ಬೆಳೆದವನಿಗೆ ಪದಗಳು ಜಾರುವ ಜಾಗ ಚೆನ್ನಾಗಿ ಗೊತ್ತಿರುತ್ತದೆ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ನನ್ನ ಭಯಾಗ್ರಫಿ’. ಬಯಾಗ್ರಫಿಯ ಬಕಾರಕ್ಕೆ ಒಂದು ಸೀಳು ಕೊಟ್ಟರು, ಭಯ ಹುಟ್ಟಿಕೊಂಡಿತು! ಆದರೆ ಮಹಾಪ್ರಾಣವನ್ನು ಉಚ್ಚರಿಸದ ನಮ್ಮ ಬಹುಪಾಲು ಜನರ ಬಾಯಲ್ಲಿ ಈ ವಿನೋದ ಕೇಳಿಸುವುದೇ ಇಲ್ಲ. ಅದನ್ನು ಕಣ್ಣಿನಿಂದ ಓದಿಯೇ ನಗಬೇಕು. ಲಿಪಿಗೂ ನುಡಿಗೂ ಇರುವ ಅಂತರವನ್ನು ಕಲಿಸಲು ನಾನು ಈಗ ಇದನ್ನೇ ಬಳಸುತ್ತೇನೆ.

ಹರಪನಹಳ್ಳಿಯಿಂದ ರೈಲಿನಲ್ಲಿ ಹಗರಿಬೊಮ್ಮನಹಳ್ಳಿಗೆ ಮರಳಿದೆ. ತಾಂಡಾದಲ್ಲಿ ಆ ಹುಡುಗಿಯ ತಂದೆ ಬಂದಿದ್ದರು. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಮಗಳು ಬಿ.ಎ. ಮುಗಿಸಿದೊಡನೆ ಬಿ.ಎಡ್. ಮಾಡಿ ಶಾಲೆಯಲ್ಲಿ ಟೀಚರಾಗಬೇಕೆಂಬುದು ಅವರ ಎಣಿಕೆ. ಅದರಲ್ಲಿ ತಪ್ಪೇನಿದೆ? ಎರಡು ವರ್ಷದ ಖರ್ಚಿನ ಲೆಕ್ಕವನ್ನು ಅವರು ಬೆರಳ ಮೇಲೆ ಇಟ್ಟುಕೊಂಡಿದ್ದರು.

“ಇದನ್ನ ಓದಿದ್ರ ಮುಂದ ಏನಾಗ್ತಾಳ್ರಿ ಸರ?” ಎಂದು ನೇರವಾಗಿ ಕೇಳಿದರು.

ಇಂಥ ಪ್ರಶ್ನೆಗೆ ಬಣ್ಣದ ಮಾತು ಸಲ್ಲದು. ಇದ್ದುದನ್ನು ಇದ್ದಂತೆ ಹೇಳಿದೆ. “ನಾಯ್ಕರೇ, ಬಿ.ಎಡ್. ಮಾಡಿದರೆ ಕೆಲಸದ ದಾರಿ ನಿಮ್ಮ ಕಣ್ಣಿಗೆ ಕಾಣುತ್ತದೆ. ಈ ದಾರಿ ಅಷ್ಟು ಸ್ಪಷ್ಟವಾಗಿಲ್ಲ. ಎಂ.ಎ. ಭಾಷಾವಿಜ್ಞಾನವನ್ನು ಮೈಸೂರಿನಲ್ಲಿ, ಧಾರವಾಡದಲ್ಲಿ, ಪುಣೆಯಲ್ಲಿ ಓದಬಹುದು. ಪದವಿಯಲ್ಲಿ ಅದೇ ವಿಷಯ ಇರಬೇಕೆಂಬ ಕಟ್ಟು ಸಾಮಾನ್ಯವಾಗಿ ಇಲ್ಲ. ಆಮೇಲೆ ಅಧ್ಯಾಪಕರಾಗುವವರ ರಾಷ್ಟ್ರೀಯ ಪರೀಕ್ಷೆಯಲ್ಲಿ ಅದಕ್ಕೊಂದು ಪ್ರತ್ಯೇಕ ಪತ್ರಿಕೆ ಇದೆ. ಮೈಸೂರಿನಲ್ಲಿ ಕೇಂದ್ರ ಸರಕಾರ 1969ರಲ್ಲಿ ಸ್ಥಾಪಿಸಿದ ಭಾರತೀಯ ಭಾಷಾ ಸಂಸ್ಥಾನವಿದೆ. ಈಗ ಯಂತ್ರಗಳಿಗೆ ನಮ್ಮ ಭಾಷೆಗಳನ್ನು ಕಲಿಸುವ ಕೆಲಸವೂ ಬಂದಿದೆ. ನಾಲ್ಕು ಭಾಷೆ ಬಲ್ಲವರು ಅದಕ್ಕೆ ಬೇಕು. ಆದರೆ ಹುದ್ದೆಗಳು ಕಡಮೆ.” ವಾಕ್ ಶ್ರವಣ ಚಿಕಿತ್ಸೆಯ ಕೋರ್ಸಿನ ವಿಷಯವನ್ನೂ ಯಾರೋ ಅವರಿಗೆ ಹೇಳಿದ್ದರು. ಅದಕ್ಕೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕಾದ್ದರಿಂದ ಆ ಬಾಗಿಲು ಈಕೆಗೆ ಮುಚ್ಚಿದೆಯೆಂದು ತಿಳಿಸಿದೆ.

ಹೊಸಪೇಟೆಯ ಪಕ್ಕದಲ್ಲೇ, 1991ರಲ್ಲಿ ಸಂಶೋಧನೆಗೆಂದೇ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವಿದೆ. ಕನ್ನಡ ಭಾಷಾಧ್ಯಯನಕ್ಕೆ ಅಲ್ಲೊಂದು ವಿಭಾಗವೂ ಉಂಟು. ಬೆಟ್ಟದ ಮೇಲೆ ದೀಪವಿದೆ; ಬುಡದಲ್ಲಿರುವ ಪದವಿ ಕಾಲೇಜುಗಳಿಂದ ಅಲ್ಲಿಗೆ ಹತ್ತಲು ಮೆಟ್ಟಿಲುಗಳನ್ನು ಕಡಿದಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಾಗ ಹೊಸ ಪ್ರಧಾನ ವಿಷಯಗಳಿಗೆ ಎಡೆ ಸಿಕ್ಕೀತೆಂದು ನಾವು ಕೆಲವರು ಹಿಗ್ಗಿದ್ದೆವು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಮೂರೋ ನಾಲ್ಕೋ, ಅದು ದೊಡ್ಡವರ ಚರ್ಚೆ. ನನ್ನ ಆಸೆ ಚಿಕ್ಕದು: ಇಂಥ ಸೀಮೆಯ ಒಂದು ಕಾಲೇಜಿನಲ್ಲಾದರೂ, ಎಂ.ಎ.ವರೆಗೆ ಕಾಯಿಸದೆ, ಹದಿನೆಂಟನೆಯ ವಯಸ್ಸಿಗೇ ಈ ವಿದ್ಯೆ ಪೂರ್ಣ ವಿಷಯವಾಗಿ ಸಿಕ್ಕಬೇಕು. ಕಿವಿ ಚುರುಕಾಗಿರುವುದು ಆಗಲೇ. ಎಂ.ಎ.ಗೆ ಬರುವ ಹೊತ್ತಿಗೆ ಮಕ್ಕಳು ತಮ್ಮ ಮಾತನ್ನು ಮರೆಯಲು ಸಾಕಷ್ಟು ಕಲಿತಿರುತ್ತಾರೆ.

ನಾಯ್ಕರು ಬಹಳ ಹೊತ್ತು ಯೋಚಿಸಿದರು. ಮಗಳ ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡು ಹಾಳೆಗಳನ್ನು ತಿರುವಿದರು. ಅವರಿಗೆ ಕನ್ನಡ ಓದಲು ಅಷ್ಟಿಷ್ಟು ಬರುತ್ತಿತ್ತು. ಒಂದು ಕಡೆ ಬೆರಳಿಟ್ಟು, ಎತ್ತುಗಳ ಕೊರಳ ಗಂಟೆಗೆ ಬರೆದಿದ್ದ ಪದವನ್ನು ತೋರಿಸಿ, ಮಗಳೊಡನೆ ಲಂಬಾಣಿಯಲ್ಲಿ ಏನೋ ಹೇಳಿದರು. ಆಕೆ ಒಪ್ಪದೆ ತಲೆಯಾಡಿಸಿದಳು. ಒಳಗಿನಿಂದ ಅಜ್ಜಿ ಬಂದರು. ಮೂವರ ನಡುವೆ ಒಂದು ಸಣ್ಣ ವಾಗ್ವಾದವೇ ನಡೆಯಿತು. ಈ ‘ಕೋರ್’ ಮನುಷ್ಯ ಬಾಯಿ ಬಿಡದೆ ಕುಳಿತಿದ್ದ. ಕೊನೆಗೆ ಹುಡುಗಿ ಪೆನ್ನು ತೆಗೆದು, ಬರೆದಿದ್ದ ಪದದ ಪಕ್ಕದಲ್ಲಿ ಅಜ್ಜಿಯ ಪದವನ್ನೂ ಬರೆದು, ಎರಡರ ಮುಂದೆಯೂ ಯಾರ ಮಾತೆಂಬ ಗುರುತು ಹಾಕಿಕೊಂಡಳು.

“ಎರಡೂ ಕಡೆ ಅರ್ಜಿ ಹಾಕ್ಲಿ ಬಿಡ್ರಿ ಸರ” ಎಂದರು ನಾಯ್ಕರು. “ಯಾವ್ದು ಮೊದಲು ಬರ್ತೈತಿ ನೋಡೋಣು.”

ಬಿ.ಎಡ್.ಗೆ ಒಂದು, ಮೈಸೂರಿಗೆ ಒಂದು – ಫಲಿತಾಂಶ ಬಂದೊಡನೆ ಹಾಕುವ ಎರಡು ಅರ್ಜಿಗಳಿಗೂ ಬೇಕಾದ ಕಾಗದಪತ್ರಗಳ ಪಟ್ಟಿಯನ್ನು ಆಕೆ ಆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಳು.